ಮಡಿಗೆ ಬಂದ ಕಾಲುಚೀಲ

ನಾನು ಭದ್ರಾವತಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್. ವರ್ಷಾ ವರ್ಷಾ ಕರಿಹಲಗೆಯ ಮೇಲೆ ಹೃದಯದ ಚಿತ್ರ ಬರೆದು, ಕೆಂಪು ಚಾಕಿನಲ್ಲಿ ಅಪಧಮನಿ, ನೀಲಿ ಚಾಕಿನಲ್ಲಿ ಅಭಿಧಮನಿ ಎಳೆದು, "ರಕ್ತ ಹೊರಗೆ ಹೋಗೋದು ಯಾವುದ್ರಲ್ಲಿ, ವಾಪಸ್ ಬರೋದು ಯಾವುದ್ರಲ್ಲಿ?" ಎಂದು ಗಂಟಲು ಹರಿದುಕೊಳ್ಳುತ್ತೇನೆ. ಮಕ್ಕಳು ಅದಲು ಬದಲು ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇಂಥ ನನ್ನ ಮನೆಯಲ್ಲೇ, ಅತ್ತೆಯ ಸೀರೆಯಂಚಿನ ಕೆಳಗೆ, ನೀಲಿ ಚಾಕಿನ ಗೆರೆಗಳೆಲ್ಲ ಹಗ್ಗದ ಹಾಗೆ ಹುರಿಗೊಂಡು ಕೂತಿದ್ದವು. ನನಗೆ ಗೊತ್ತೇ ಇರಲಿಲ್ಲ. ಗೊತ್ತಾಗುವುದಾದರೂ ಹೇಗೆ ಹೇಳಿ? ಅತ್ತೆಯ ಕಾಲು ಕಾಣಬೇಕಾದರೆ ನಮಸ್ಕಾರ ಮಾಡಬೇಕು. ನಮಸ್ಕಾರ ಮಾಡುವಾಗ ನಾನು ಕಣ್ಣು ಮುಚ್ಚಿರುತ್ತೇನೆ.

ಮನೆಯಲ್ಲಿ ನಾವು ಮೂವರೇ. ನಾನು, ದಿನಾ ಬಸ್ಸು ಹತ್ತಿ ಶಿವಮೊಗ್ಗದ ಆಫೀಸಿಗೆ ಹೋಗುವ ನನ್ನ ಗಂಡ, ಮತ್ತು ಅವರ ತಾಯಿ. ಅತ್ತೆಯದು ಮಡಿ ಅಡುಗೆ. ಬೆಳಕು ಹರಿಯುವ ಮುಂಚೆ ಎದ್ದು ಸ್ನಾನ ಮಾಡಿ, ಸೂರಿನ ಹತ್ತಿರ ನೇತುಹಾಕಿದ ಬಿದಿರ ಗಳದ ಮೇಲಿಂದ, ಹಿಂದಿನ ದಿನ ಒಗೆದು ಯಾರೂ ಮುಟ್ಟದಂತೆ ಹರವಿದ್ದ ಸೀರೆಯನ್ನು ಉದ್ದ ಕೋಲಿನಿಂದ ಇಳಿಸಿ ಉಟ್ಟರೆಂದರೆ ಮುಗಿಯಿತು. ಅಲ್ಲಿಂದ ದೇವರಿಗೆ ನೈವೇದ್ಯವಾಗುವವರೆಗೆ ಅವರನ್ನು ಯಾರೂ ಮುಟ್ಟುವ ಹಾಗಿಲ್ಲ, ಅಡುಗೆಮನೆಯ ಹೊಸ್ತಿಲು ದಾಟುವ ಹಾಗಿಲ್ಲ. ಅಷ್ಟು ಹೊತ್ತೂ ಅವರು ಒಲೆಯ ಮುಂದೆ ನಿಂತೇ ಇರುತ್ತಾರೆ. ನನಗೆ ಕಾಫಿ ಬೇಕಾದರೆ ಹೊಸ್ತಿಲಿನ ಆಚೆ ಲೋಟ ಇಟ್ಟು ಭಿಕ್ಷುಕಿಯ ಹಾಗೆ ಕಾಯಬೇಕು. ಅವರು ಮೇಲಿಂದ ಸುರಿಯುತ್ತಾರೆ. ಕಾಫಿ ಮಾತ್ರ ಅಮೃತ, ಸುಳ್ಳು ಹೇಳಬಾರದು.

ಆ ವರ್ಷ ಸಂಕ್ರಾಂತಿಯ ದಿನ ಎಳ್ಳು ಬೆಲ್ಲ ಕೊಟ್ಟು ನಮಸ್ಕಾರಕ್ಕೆ ಬಗ್ಗಿದವಳು, ಅದ್ಯಾಕೋ ಕಣ್ಣು ಮುಚ್ಚಲಿಲ್ಲ. ಅತ್ತೆಯ ಎಡಗಾಲಿನ ಹರಡಿನ ಒಳಬದಿಯಲ್ಲಿ ಹಳೇ ಪಂಚೆಯ ಚೂರು ಸುತ್ತಿತ್ತು. ಅದರ ಮೇಲೆ ಒದ್ದೆ ಕಲೆ. ಸುತ್ತಲಿನ ಚರ್ಮ ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

"ಏನತ್ತೆ ಇದು?"

"ಏನಿಲ್ಲ. ಸೊಳ್ಳೆ ಕಚ್ಚಿತ್ತು, ಕೆರ್ಕೊಂಡೆ."

"ಯಾವಾಗ?"

"ದೀಪಾವಳಿ ಹೊತ್ತಿಗೆ."

"ದೀಪಾವಳಿಗೆ ಕಚ್ಚಿದ ಸೊಳ್ಳೆ ಸಂಕ್ರಾಂತಿ ತನಕ ಕೂತಿದ್ಯಾ ಅಲ್ಲೇ?" ಎಂದು ನಾನು ಕೂಗಿಬಿಟ್ಟೆ. ಹಬ್ಬದ ದಿನ, ಬಾಗಿಲಲ್ಲಿ ನೆಂಟರು. ಅತ್ತೆ ಸೀರೆ ಇಳಿಬಿಟ್ಟುಕೊಂಡು, "ಮೆತ್ತಗೆ ಮಾತಾಡು ಮಾರಾಯ್ತಿ, ಇದು ನಿನ್ನ ಕ್ಲಾಸಲ್ಲ" ಎಂದು ಒಳಗೆ ಹೋದರು.

ಅವರು ಮುಚ್ಚಿಟ್ಟದ್ದು ಯಾಕೆ ಎಂದು ನನ್ನ ಗಂಡ ಆಮೇಲೆ ಹೇಳಿದರು. ಹೇಳಬೇಕಾಗಿಯೇ ಇರಲಿಲ್ಲ, ನನಗೂ ಹೊಳೆದಿತ್ತು. ಮಾವನ ಕಾಲು.

ಮಾವ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದವರು. ಹಿತ್ತಿಲ ಸೀಬೆ ಮರದ ಹಿಂದೆ ನಿಂತು ಸಿಗರೇಟು ಸೇದಿ, ಏಲಕ್ಕಿ ಅಗಿಯುತ್ತಾ ಒಳಗೆ ಬರುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ನಮ್ಮ ಬೀದಿಗೆಲ್ಲ ಗೊತ್ತಿತ್ತು, ಸೀಬೆ ಮರಕ್ಕೂ ಗೊತ್ತಿತ್ತು. ನಿವೃತ್ತಿಯಾದ ಮೇಲೆ ಸಂಜೆ ನನ್ನ ಜೊತೆ ವಾಕಿಂಗ್ ಬರುತ್ತಿದ್ದರು. ಸ್ವಲ್ಪ ದೂರ ನಡೆದು ಯಾರದೋ ಕಾಂಪೌಂಡಿನ ಮುಂದೆ ನಿಂತು, "ಆಹಾ, ಏನು ದಾಸವಾಳ ನೋಡಮ್ಮಾ" ಎನ್ನುವರು. ಮತ್ತೆ ಸ್ವಲ್ಪ ದೂರ, ಮತ್ತೊಂದು ಕಾಂಪೌಂಡು, ಮತ್ತೊಂದು ದಾಸವಾಳ. ಹೂವಿನ ಮೇಲೆ ಎಷ್ಟು ಪ್ರೀತಿ ಎಂದುಕೊಂಡಿದ್ದೆವು. ಮೀನಖಂಡ ಹಿಡಿದುಕೊಂಡು ಹೆಜ್ಜೆ ಇಡಲಾಗದೆ ನಿಲ್ಲುತ್ತಿದ್ದರು, ಪುಣ್ಯಾತ್ಮ. ಕಾಲಿಗೆ ರಕ್ತ ಒಯ್ಯುವ ನಾಳಗಳು ಕಟ್ಟುತ್ತಾ ಬಂದಿದ್ದವು. ಹೆಬ್ಬೆರಳು ಕಪ್ಪಾದ ಮೇಲೆ ಆಸ್ಪತ್ರೆಗೆ ಹೋದದ್ದು. ಮೊದಲು ಬೆರಳು, ಆಮೇಲೆ ಮೊಣಕಾಲಿನ ಕೆಳಗೆ ಕಾಲು. ಅದಾದ ಮೇಲೆ ಮಾವ ಹೆಚ್ಚು ದಿನ ಉಳಿಯಲಿಲ್ಲ. ಅತ್ತೆಯ ಲೆಕ್ಕ ಅವತ್ತೇ ಗಟ್ಟಿಯಾಗಿ ಕೂತುಬಿಟ್ಟಿತ್ತು: ಕಾಲಲ್ಲಿ ಹುಣ್ಣು ಎಂದರೆ ಆಸ್ಪತ್ರೆ, ಆಸ್ಪತ್ರೆ ಎಂದರೆ ಕಾಲು ತೆಗೆಯುವುದು. ವೈಶಾಖದಲ್ಲಿ ಮಾವನ ತಿಥಿ. ಅಲ್ಲಿಯವರೆಗೆ ಕಾಲು ಇರಬೇಕು, ಅಡುಗೆಗೆ ನಿಲ್ಲಬೇಕು. ಆಮೇಲೆ ಏನಾದರೂ ಆಗಲಿ.

ಅತ್ತು ಕರೆದು, ಬೈದು, ಕೊನೆಗೆ ಉಪವಾಸ ಕೂರುತ್ತೇನೆಂದು ಹೆದರಿಸಿ ಅವರನ್ನು ಶಿವಮೊಗ್ಗದ ಬಸ್ಸು ಹತ್ತಿಸಿದೆ. ಕಿಟಕಿ ಪಕ್ಕ ಕೂತು ಮಡಿಲಲ್ಲಿ ನೀರಿನ ಬಾಟಲಿ, ಅವಲಕ್ಕಿ ಡಬ್ಬಿ ಇಟ್ಟುಕೊಂಡು ಮಲವಗೊಪ್ಪ ದಾಟುವವರೆಗೂ ಹೊರಗೇ ನೋಡುತ್ತಿದ್ದರು. ಆಮೇಲೆ ಕೇಳಿದ್ದು ಒಂದೇ: "ಡಾಕ್ಟ್ರು ಕಾಲಿನ ಮೇಲುಗಡೆ ಬೆರಳಿಟ್ಟು ನೋಡ್ತಾರಾ?"

"ನೋಡಬಹುದು. ಯಾಕೆ?"

"ಸುಮ್ನೆ."

ಡಾಕ್ಟರು ಚಿಕ್ಕ ವಯಸ್ಸಿನವರು. ಅತ್ತೆಯನ್ನು ಮೊದಲು ನಿಲ್ಲಿಸಿ ನೋಡಿದರು. ಸೀರೆ ಮೊಣಕಾಲಿನ ಮೇಲಕ್ಕೆ ಏರಿತು. ತೊಡೆಯ ಕಡೆಯಿಂದ ಹರಡಿನವರೆಗೆ ನರಗಳು ಚಪ್ಪರದ ಹೀರೆ ಬಳ್ಳಿಯ ಹಾಗೆ ಹೆಣೆದುಕೊಂಡಿದ್ದವು. ಆಮೇಲೆ ಮಲಗಿಸಿ, ಪಾದದ ಮೇಲೆ ಎರಡು ಬೆರಳಿಟ್ಟು, ಅತ್ತ ಇತ್ತ ಸರಿಸಿ ಹುಡುಕಿದರು. ಅತ್ತೆ ಉಸಿರು ಬಿಗಿಹಿಡಿದು ಅವರ ಮುಖವನ್ನೇ ನೋಡುತ್ತಿದ್ದರು.

"ಇದೆ ಅಮ್ಮಾ. ನಾಡಿ ಚೆನ್ನಾಗಿದೆ."

"ಇದ್ಯಾ?" ಎಂದರು ಅತ್ತೆ, ನಂಬದವರ ಹಾಗೆ. "ನಮ್ಮನೆಯವರಿಗೂ ಹಿಂಗೇ ಹುಡುಕಿದ್ರು. ಸಿಗಲಿಲ್ಲ."

ಡಾಕ್ಟರು ಪೆನ್ನಿನಂಥದ್ದೊಂದು ತಂದು, ಪಾದಕ್ಕೆ ತಣ್ಣನೆಯ ಜೆಲ್ ಹಚ್ಚಿ ಅದರ ತುದಿ ಇಟ್ಟರು. ಪುಟ್ಟ ಪೆಟ್ಟಿಗೆಯಿಂದ ಸದ್ದು ಬಂತು. ಸುಯ್, ಸುಯ್, ಸುಯ್. ಯಾರೋ ಅಂಗಳ ಗುಡಿಸುತ್ತಿರುವ ಹಾಗೆ, ಒಂದೇ ಲಯದಲ್ಲಿ.

"ನಂದಾ ಇದು?"

"ನಿಮ್ಮದೇ ಅಮ್ಮಾ. ನಿಮ್ಮ ಕಾಲಿನ ರಕ್ತ."

ಅತ್ತೆ ಕಣ್ಣು ಮುಚ್ಚಿಕೊಂಡು ಕೇಳಿದರು. ದೇವರ ಮನೆಯ ಘಂಟೆ ಕೇಳುವಾಗಲೂ ಅವರ ಮುಖ ಅಷ್ಟು ಶಾಂತವಾಗಿದ್ದದ್ದನ್ನು ನಾನು ನೋಡಿಲ್ಲ. ಕಾಲಿಗೇ ಬಿಪಿ ಪಟ್ಟಿ ಕಟ್ಟಿದಾಗ ಮಾತ್ರ, "ಬಿಪಿ ಕೈಗಲ್ವಾ ನೋಡೋದು?" ಎಂದು ನನ್ನ ಕಿವಿಯಲ್ಲಿ ಕೇಳಿದರು.

ಡಾಕ್ಟರು ಬಿಡಿಸಿ ಹೇಳಿದರು. "ನಿಮ್ಮ ಯಜಮಾನರಿಗೆ ರಕ್ತ ಕೆಳಗೆ ಹೋಗೋ ದಾರಿ ಕಟ್ಟಿತ್ತು. ನಿಮ್ಮದು ಹೋಗೋ ದಾರಿ ಚೆನ್ನಾಗಿದೆ, ವಾಪಸ್ ಬರೋ ದಾರಿ ಕೆಟ್ಟಿದೆ. ಅದೇ ಬೇರೆ, ಇದೇ ಬೇರೆ. ರಕ್ತ ಕಾಲಲ್ಲೇ ನಿಂತು ನಿಂತು ಚರ್ಮ ಕೊಳೆತಿದೆ. ಲೇಸರ್ ಮಾಡಿದರೆ ಒಳ್ಳೇದು."

"ತಿಥಿ ಆಗಲಿ," ಎಂದರು ಅತ್ತೆ.

"ಸರಿ, ಅಲ್ಲಿ ತನಕ ಡ್ರೆಸಿಂಗ್ ಮಾಡಿ ಮೇಲೆ ಬಿಗಿ ಸ್ಟಾಕಿಂಗ್ ಹಾಕಬೇಕು. ಎದ್ದು ನಿಂತು ಓಡಾಡೋ ಅಷ್ಟು ಹೊತ್ತೂ ಕಾಲಲ್ಲಿ ಇರಲೇಬೇಕು. ಕೂತಾಗ ಕಾಲು ಮೇಲೆ."

"ಕಾಲು ತೆಗೆಯಲ್ವಾ?"

"ಹೇಳಿದ ಹಾಗೆ ಕೇಳಿದ್ರೆ ಯಾಕೆ ತೆಗೀತೀವಿ ಅಮ್ಮಾ?"

ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತೆಗೆ ನಾನು ಪಾಠ ಮಾಡಿದೆ. ಚಾಕ್ ಇರಲಿಲ್ಲ, ಬಾವಿ ಸಾಕಾಯಿತು. "ನೀವು ಮೊದಲು ಬಾವಿಯಿಂದ ನೀರು ಸೇದ್ತಿದ್ರಲ್ಲ ಅತ್ತೆ. ಒಂದು ಕೈ ಎಳೆಯುತ್ತೆ, ಇನ್ನೊಂದು ಕೈ ಹಗ್ಗ ಹಿಡ್ಕೊಳುತ್ತೆ, ಅಲ್ವಾ? ಕಾಲಿನ ರಕ್ತನೂ ಹಂಗೇ ಮೇಲೆ ಹೋಗೋದು. ನಡೆದಾಗ ಮೀನಖಂಡ ಎಳೆಯುತ್ತೆ. ನರದ ಒಳಗೆ ಪುಟ್ಟ ಪುಟ್ಟ ಕವಾಟ ಇರುತ್ತೆ, ಅದು ಹಗ್ಗ ಹಿಡಿಯೋ ಕೈ."

ಅತ್ತೆ ಸ್ವಲ್ಪ ಯೋಚಿಸಿ, "ಹಿಡಿಯೋ ಕೈ ಜಾರಿದ್ರೆ ಕೊಡ ವಾಪಸ್ ಬಾವಿಗೆ," ಎಂದರು.

"ಅಷ್ಟೇ!"

"ಇದನ್ನ ಮೊದಲೇ ಹೇಳೋದಲ್ವಾ? ಅಪ ಅಭಿ ಅಂತ ಏನೇನೋ ಅಂತೀಯ."

ನನ್ನ ಇಡೀ ನೌಕರಿಯಲ್ಲಿ ಇಷ್ಟು ಬೇಗ ಪಾಠ ಹಿಡಿದ ವಿದ್ಯಾರ್ಥಿ ಸಿಕ್ಕಿಲ್ಲ. ಅದಕ್ಕೇ ಮುಂದೆ ಆದದ್ದಕ್ಕೆ ನನಗೆ ಅಷ್ಟು ಸಿಟ್ಟು ಬಂದದ್ದು.

ಸ್ಟಾಕಿಂಗ್ ಬಂತು. ಚರ್ಮದ ಬಣ್ಣದ್ದು, ಬೆರಳುಗಳು ಹೊರಗೆ ಕಾಣುವಂಥದ್ದು, ಮೊಣಕಾಲಿನವರೆಗೆ. ನೋಡಲು ಪಾಪದ್ದು, ಹಾಕಲು ಹೋದರೆ ಹೆಬ್ಬಾವು. ಅತ್ತೆಯ ಒಬ್ಬರ ಕೈಲಿ ಆಗುವ ಮಾತಲ್ಲ. ಅತ್ತೆಯೇ ದಾರಿ ಹೇಳಿದರು: "ಬೆಳಿಗ್ಗೆ ನಿನಗೆ ಸ್ಕೂಲಿನ ಗಡಿಬಿಡಿ. ರಾತ್ರಿ ಮಲಗೋ ಹೊತ್ತಿಗೇ ಹಾಕ್ಬಿಡು, ಎದ್ದಾಗ ಕಾಲಲ್ಲೇ ಇರುತ್ತೆ. ಸ್ನಾನಕ್ಕೆ ತೆಗೆದು ಮತ್ತೆ ನಾನೇ ಹೆಂಗೋ ಹಾಕ್ಕೋತೀನಿ." ಎಷ್ಟು ಒಳ್ಳೆಯ ಅತ್ತೆ ಎಂದುಕೊಂಡೆ. ದಿನಾ ಮಲಗುವ ಮುಂಚೆ ಅವರ ಕಾಲನ್ನು ನನ್ನ ಮಡಿಲಲ್ಲಿಟ್ಟುಕೊಂಡು ಏರಿಸುತ್ತಿದ್ದೆ. ಸಂಜೆ ಶಾಲೆಯಿಂದ ಬಂದಾಗ ಕಾಲು ಬರಿದಾಗಿರುತ್ತಿತ್ತು. "ಎಲ್ಲತ್ತೆ?" ಎಂದರೆ, "ಬಿಗಿ ಆಯ್ತು, ಈಗ ತಾನೇ ತೆಗೆದೆ."

ಶಿವರಾತ್ರಿ ಕಳೆದ ಮೇಲೆ ಮತ್ತೆ ಡಾಕ್ಟರ ಹತ್ತಿರ ಹೋದೆವು. ಹುಣ್ಣು ಮಾಯುವುದಿರಲಿ, ಮೊದಲು ಒಂದು ರೂಪಾಯಿಯ ನಾಣ್ಯದಷ್ಟಿದ್ದದ್ದು ಈಗ ನಿಂಬೆಹಣ್ಣಿನ ಹೋಳಿನಷ್ಟಾಗಿತ್ತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಹೀಗೇ ಆದ್ರೆ ಸೋಂಕು ಒಳಗೆ ಇಳಿಯುತ್ತೆ ಮೇಡಂ, ಆಗ ನಾನು ಮಾತು ಕೊಡಕ್ಕಾಗಲ್ಲ. ಸ್ಟಾಕಿಂಗ್ ಹಾಕ್ತಾ ಇದಾರಲ್ವಾ?" ಎಂದರು. "ನಾನೇ ನನ್ನ ಕೈಯಾರೆ ಹಾಕ್ತೀನಿ" ಎಂದೆ. ಅತ್ತೆ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ವೈಶಾಖ ಹುಡುಕುತ್ತಿದ್ದರು.

ಪರೀಕ್ಷೆಯ ದಿನಗಳು ಬಂದವು. ಒಂದು ದಿನ ಮೇಲ್ವಿಚಾರಣೆಗೆ ಹೋದವಳನ್ನು, ಇವತ್ತು ಜನ ಸಾಕು ಎಂದು ವಾಪಸ್ ಕಳಿಸಿದರು. ಮನೆಗೆ ಬಂದು ಕೈಕಾಲು ತೊಳೆಯಲು ಬಚ್ಚಲಿಗೆ ಹೋದರೆ, ಬಾಗಿಲ ಹಿಂದಿನ ಗೂಟದಲ್ಲಿ ಸ್ಟಾಕಿಂಗ್ ನೇತಾಡುತ್ತಿದೆ. ಅಡುಗೆಮನೆಯಿಂದ ಒಗ್ಗರಣೆಯ ಘಮ, ಸಾರಿನ ಕುದಿ, ಪಾತ್ರೆಯ ಸದ್ದು. ಅತ್ತೆ ಎಂದಿನಂತೆ ಬೆಳಿಗ್ಗೆಯಿಂದ ನಿಂತೇ ಇದ್ದಾರೆ.

ನನಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಮಲಗಿದಾಗ ರಕ್ತ ತಾನಾಗಿಯೇ ವಾಪಸ್ ಹರಿಯುತ್ತದೆ, ಆಗ ಈ ಚೀಲದ ಅಗತ್ಯವೇ ಇಲ್ಲ. ಅಗತ್ಯವಿರುವ ಅಷ್ಟೂ ಹೊತ್ತು ಅದು ಗೂಟದಲ್ಲಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗಾಯಿತು. ಸ್ಟಾಕಿಂಗ್ ಹಿಡಿದುಕೊಂಡು ಹೋಗಿ ಹೊಸ್ತಿಲಲ್ಲಿ ನಿಂತೆ.

"ಅತ್ತೆ! ಕಾಲು ತೋರಿಸಿ!"

ಅತ್ತೆ ಬೆಚ್ಚಿ ಸೌಟು ಬೀಳಿಸಿದರು. "ಯಾಕೆ ಇಷ್ಟು ಬೇಗ ಬಂದೆ? ದೂರ ನಿಲ್ಲು, ಮಡಿ!"

"ಮಡಿ ಹಾಳಾಗಲಿ! ಎರಡು ತಿಂಗಳಿಂದ ನನ್ನ ಕಣ್ಣಿಗೆ ಮಣ್ಣು ಎರಚ್ತಾ ಇದೀರಲ್ಲ. ನಾನು ದಿನಾ ರಾತ್ರಿ ಕೈ ಬೊಬ್ಬೆ ಬರಿಸ್ಕೊಂಡು ಹಾಕೋದು, ನೀವು ಬೆಳಿಗ್ಗೆ ಕಿತ್ತು ಗೂಟಕ್ಕೆ ಹಾಕೋದು!"

"ಕಾಲುಚೀಲ ಹಾಕ್ಕೊಂಡು ದೇವರ ಅಡುಗೆ ಮಾಡೋದಾ? ಅದು ಬೂಟ್ಸಿನ ಕುಲ. ನಾಳೆ ಚಪ್ಪಲಿ ಹಾಕ್ಕೊಂಡು ಆರತಿ ಎತ್ತು ಅಂತೀಯ."

"ಕಾಲೇ ಹೋದ ಮೇಲೆ ಯಾವ ಮಡೀಲಿ ನಿಂತು ಬೇಯಿಸ್ತೀರಿ?"

ಮಾತು ಬಾಯಿಂದ ಬಿತ್ತು. ಅತ್ತೆ ಒಲೆ ಆರಿಸಿದರು. ಬೆನ್ನು ತಿರುಗಿಸಿಕೊಂಡೇ ಹೇಳಿದರು: "ಅವರನ್ನ ಒಂದು ಕಾಲಿಲ್ಲದೆ ಕಳಿಸ್ದೆ. ವರ್ಷಕ್ಕೆ ಒಂದು ದಿನ ನಮ್ಮನೆಗೆ ಊಟಕ್ಕೆ ಬರ್ತಾರೆ. ಅವತ್ತೂ ಮೈಲಿಗೆ ಅಡುಗೆ ಬಡಿಸಲಾ?"

ನಾನು ಹೊಸ್ತಿಲಲ್ಲೇ ಕೂತು ಅತ್ತುಬಿಟ್ಟೆ. ಅತ್ತೆಯೂ ಒಳಗೆ ಅತ್ತರು. ಮಡಿಯಲ್ಲಿದ್ದವರನ್ನು ಅಪ್ಪಿಕೊಳ್ಳುವ ಹಾಗೂ ಇಲ್ಲ, ಎಂಥ ಅವಸ್ಥೆ ನೋಡಿ.

ಸಂಜೆ ನನ್ನ ಗಂಡ ಒಂದು ಉಪಾಯ ಮಾಡಿದರು. ನಮ್ಮ ಪುರೋಹಿತರಿಗೆ ಫೋನ್ ಹಚ್ಚಿ, ಅಮ್ಮನಿಗೂ ಕೇಳುವಂತೆ ಸ್ಪೀಕರ್ ಹಾಕಿದರು. ಪುರೋಹಿತರು ಒಳ್ಳೆಯವರು. "ಅದಕ್ಕೇನಮ್ಮಾ, ಆತುರೇ ನಿಯಮೋ ನಾಸ್ತಿ ಅಂತ ಶಾಸ್ತ್ರವೇ ಹೇಳುತ್ತೆ. ರೋಗಿಗಳಿಗೆ ವಿನಾಯಿತಿ ಉಂಟು. ಧಾರಾಳವಾಗಿ ಹಾಕ್ಕೊಳ್ಳಿ" ಎಂದರು.

ನಾವಿಬ್ಬರೂ ಗೆದ್ದೆವೆಂದು ಅತ್ತೆಯ ಕಡೆ ನೋಡಿದೆವು. ಅತ್ತೆಯ ಮುಖ ಕೆಂಪಾಗಿತ್ತು. "ನಾನೇನು ರೋಗಿ ಅಲ್ಲ," ಎಂದರು ಫೋನಿಗೆ. "ವಿನಾಯಿತಿ ತಗೊಂಡು ತಿಥಿ ಅಡುಗೆ ಮಾಡೋ ಗತಿ ನನಗೆ ಬಂದಿಲ್ಲ. ನೀವು ಆ ದಿನ ಬೇಗ ಬನ್ನಿ, ಸಾಕು." ಪುರೋಹಿತರು ಹಾಗೇ ಆಗಲಿ ಎಂದು ಫೋನ್ ಇಟ್ಟರು. ನನ್ನ ಗಂಡ ತಲೆ ಮೇಲೆ ಕೈ ಹೊತ್ತು ಕೂತರು.

ನನಗೆ ಮಾತ್ರ ಆಗ ಬೆಳಕು ಹತ್ತಿತು. ಈ ಹೆಂಗಸಿಗೆ ಬೇಕಿದ್ದದ್ದು ರಿಯಾಯಿತಿ ಅಲ್ಲ, ಮಡಿ. ನಾವು ಆ ಚೀಲವನ್ನು ಮಡಿಯಿಂದ ತಪ್ಪಿಸಿ ಒಳಗೆ ತೂರಿಸಲು ನೋಡುತ್ತಿದ್ದೆವು.

"ಅತ್ತೆ," ಎಂದೆ, "ನಿಮ್ಮ ಸೀರೆ ಹೆಂಗೆ ಮಡಿ ಆಗುತ್ತೆ?"

"ಒಗೆದು ಗಳದ ಮೇಲೆ ಹರವಿದ್ರೆ. ಯಾರೂ ಮುಟ್ಟಬಾರದು."

"ಇದನ್ನೂ ಒಗೆದು ಗಳದ ಮೇಲೆ ಹರವಿದ್ರೆ?"

"ಅದು ಕಾಲುಚೀಲ."

"ಬೆರಳೆಲ್ಲ ಹೊರಗಿದೆ ನೋಡಿ. ಇದರಲ್ಲಿ ಬೂಟ್ಸು ಹಾಕಕ್ಕಾಗುತ್ತಾ? ಇದು ಬಟ್ಟೆ. ನೂಲು, ಅಷ್ಟೇ."

ಅತ್ತೆ ಸ್ಟಾಕಿಂಗನ್ನು ಕೈಗೆ ತೆಗೆದುಕೊಂಡು, ತುದಿಯ ತೂತಿನಲ್ಲಿ ಕೈ ತೂರಿಸಿ, ಎಳೆದು, ಬೆಳಕಿಗೆ ಹಿಡಿದು ನೋಡಿದರು. ಸೀರೆ ಅಂಗಡಿಯಲ್ಲಿ ರೇಷ್ಮೆ ಪರೀಕ್ಷಿಸುವಾಗಲೂ ಅಷ್ಟೇ ಹೊತ್ತು ಮಾಡುತ್ತಾರೆ. ಕೊನೆಗೆ ಹೇಳಿದರು: "ಆಯ್ತು, ಮಡಿ ಆಯ್ತು ಅಂತಾನೇ ಇಟ್ಕೋ. ಏರಿಸೋರು ಯಾರು? ನನ್ನ ಕೈಲಿ ಆಗಲ್ಲ. ಮಡೀಲಿ ನನ್ನ ಯಾರು ಮುಟ್ಟಬೇಕು?"

ಅಸಲು ಗಂಟು ಇದೇ. ಅವರು ರಾತ್ರಿ ಹಾಕಿಸಿಕೊಳ್ಳುತ್ತಿದ್ದದ್ದೂ ಇದಕ್ಕೇ. ರಾತ್ರಿ ನಾನು ಮುಟ್ಟಬಹುದು.

"ನಾನೂ ಮಡಿ ಉಡ್ತೀನಿ," ಎಂದೆ.

ನನ್ನ ಗಂಡ ನಕ್ಕುಬಿಟ್ಟರು. ನಗಲಿ ಬಿಡಿ, ತಪ್ಪಿಲ್ಲ. ಮದುವೆಯಾಗಿ ಬಂದ ಹೊಸತರಲ್ಲೇ ನನಗೆ ಈ ಮಡಿ ಗಿಡಿ ಆಗದು ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದವಳು ನಾನು. ಅತ್ತೆ ನಗಲಿಲ್ಲ. "ನೀನಾ? ಏಳ್ತೀಯಾ ಅಷ್ಟು ಬೇಗ?" ಎಂದರು.

"ಏಳ್ತೀನಿ."

"ತಲೆಗೆ ಸ್ನಾನ."

"ಮಾಡ್ತೀನಿ."

"ಆ ವಾಚು, ಆ ಪ್ಲಾಸ್ಟಿಕ್ ಕ್ಲಿಪ್ಪು, ಆ ಅಂಟಿಸೋ ಬೊಟ್ಟು, ಒಂದೂ ಕೂಡದು."

"ಚರ್ಮ ಸುಲಿದು ಬರಲಾ ಅತ್ತೆ?"

ಆಗ ನಕ್ಕರು. ನಕ್ಕು, ಇನ್ನೊಂದು ಜೊತೆ ತರಿಸಲು ಮಗನಿಗೆ ಹೇಳಿದರು. ಒಂದು ಒಣಗುವಾಗ ಒಂದು ಬೇಕಲ್ಲ.

ಹೀಗೆ ನಮ್ಮ ಮನೆಯ ಗಳದ ಮೇಲೆ, ಅತ್ತೆಯ ಬಿಳಿ ಸೀರೆಯ ಪಕ್ಕದಲ್ಲಿ, ನನ್ನದೊಂದು ಹಳೇ ಕಾಟನ್ ಸೀರೆಯೂ ಚರ್ಮದ ಬಣ್ಣದ ಕಾಲುಚೀಲಗಳೂ ತೂಗಾಡತೊಡಗಿದವು. ಮೊದಲ ದಿನದ ಫಜೀತಿ ಕೇಳಬೇಡಿ. ಒದ್ದೆ ಕೂದಲಿನಲ್ಲಿ ನಡುಗುತ್ತಾ, ಕೋಲಿನಿಂದ ಸೀರೆ ಇಳಿಸಲು ಹೋಗಿ ಅದನ್ನು ತಲೆಯ ಮೇಲೆ ಬೀಳಿಸಿಕೊಂಡೆ. ಉಟ್ಟು ಅಡುಗೆಮನೆಯ ಕಡೆ ಬರುವಷ್ಟರಲ್ಲಿ ನನ್ನ ಗಂಡ ಕಣ್ಣುಜ್ಜಿಕೊಳ್ಳುತ್ತಾ ಎದುರಿಗೆ ಬಂದರು. "ದೂರ! ದೂರ!" ಎಂದು ಅತ್ತೆ ಸೊಸೆ ಇಬ್ಬರೂ ಒಂದೇ ಸಲ ಕೂಗಿದೆವು. ಪಾಪ, ಗೋಡೆಗೆ ಅಂಟಿಕೊಂಡು ನಿಂತವರು, "ಇನ್ನು ನನಗೆ ಕಾಫಿ ಕೊಡೋರು ಯಾರು?" ಎಂದರು.

"ಲೋಟ ಇಟ್ಟು ಕಾಯಿರಿ," ಎಂದೆ. ಆ ಮಾತು ಆಡುವ ಸುಖಕ್ಕಾದರೂ ಮಡಿ ಉಡಬೇಕು.

ಅತ್ತೆ ಮಣೆಯ ಮೇಲೆ ಕೂತು, ಎದುರಿನ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕಾಲಿಟ್ಟು ಊತ ಇಳಿಸಿಕೊಳ್ಳುವರು. ಕಾಲು ದೇವರ ಮನೆಯ ಕಡೆಗೆ ಚಾಚದ ಹಾಗೆ ಸ್ಟೂಲನ್ನು ಅಳೆದು ಅಳೆದು ಇಡಬೇಕು. ಆಮೇಲೆ ನಾನು ಒದ್ದೆ ತಾಗದ ಹಾಗೆ ಹುಣ್ಣಿಗೆ ಹೊಸ ಡ್ರೆಸಿಂಗ್ ಮಾಡಿ, ಚೀಲವನ್ನು ಹಿಮ್ಮಡಿಯವರೆಗೆ ಒಳಮಗ್ಗುಲು ಮಾಡಿ, ಪಾದಕ್ಕೆ ಸಿಕ್ಕಿಸಿ, ಸುಕ್ಕಾಗದಂತೆ ಇಷ್ಟಿಷ್ಟೇ ಏರಿಸುವೆ. ಡ್ರೆಸಿಂಗ್ ಬಟ್ಟೆ ಮಡಿಯೋ ಅಲ್ಲವೋ ಎಂಬ ಪ್ರಶ್ನೆಯನ್ನು ಅತ್ತೆ ಎತ್ತಲಿಲ್ಲ, ನಾನು ನೆನಪಿಸಲಿಲ್ಲ.

ಆ ಹೊತ್ತಿನಲ್ಲಿ ಅತ್ತೆ ನನಗೆ ಏನೇನೋ ಹೇಳುತ್ತಿದ್ದರು. ಮಾವನ ಸಿಗರೇಟಿನ ವಾಸನೆ ಅವರಿಗೆ ಒಳಗೊಳಗೇ ಇಷ್ಟವಿತ್ತಂತೆ. "ಇಷ್ಟ ಇದೆ ಅಂದ್ರೆ ಜಾಸ್ತಿ ಸೇದಾರು ಅಂತ ಹೇಳಲಿಲ್ಲ. ಹೇಳದೆ ಇದ್ರೂ ಸೇದಿದ್ರು." ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದರೂ ಬೆಳಗಿನ ಹೊತ್ತು ಅತ್ತೆಯ ಮೈ ಬಿಸಿ ನನಗೆ ತಾಗಿದ್ದು ಅದೇ ಮೊದಲು. ಒಂದು ದಿನ ನಾನು ಏಳುವುದು ತಡವಾದರೆ ಸಾಕು, ಹೊಸ್ತಿಲಾಚೆಯಿಂದಲೇ ಕೂಗುವರು: "ಏ ಮಾರಾಯ್ತಿ, ಕಾಲು ಕಾಯ್ತಾ ಇದೆ!"

ಯುಗಾದಿಯ ಹೊತ್ತಿಗೆ ಹುಣ್ಣಿನ ಅಂಚು ಗುಲಾಬಿ ಬಣ್ಣಕ್ಕೆ ತಿರುಗಿತು. ವೈಶಾಖ ಬರುವಷ್ಟರಲ್ಲಿ ಮೆಣಸಿನ ಕಾಳಿನಷ್ಟು ಉಳಿದಿತ್ತು. ತಿಥಿಯ ದಿನ ಅತ್ತೆ ತಾವೇ ನಿಂತು ಮೆಣಸಿನ ಸಾರು, ಹಾಗಲಕಾಯಿ ಗೊಜ್ಜು, ವಡೆ, ಪಾಯಸ ಎಲ್ಲ ಮಾಡಿದರು. ಮಡಿಯಲ್ಲಿದ್ದ ನಾನೂ ಆ ಹೊಸ್ತಿಲಿನ ಒಳಗೆ ಮೊದಲ ಬಾರಿಗೆ ಅಡುಗೆಗೆ ನಿಂತು ಬಾಳೆಕಾಯಿ ಹೆಚ್ಚಿದೆ. ಊಟಕ್ಕೆ ಕೂತ ಪುರೋಹಿತರು ಗೊಜ್ಜನ್ನು ಮತ್ತೆ ಹಾಕಿಸಿಕೊಂಡು, "ಕಾಲು ಹೇಗಿದೆ ಅಮ್ಮಾ? ವಿನಾಯಿತಿ ತಗೊಂಡ್ರಾ?" ಎಂದು ಕೇಳಿದರು.

"ಇಲ್ಲ," ಎಂದರು ಅತ್ತೆ. "ಗಳದಿಂದ ಇಳಿಸಿ ಹಾಕ್ಕೊಂಡೆ."

ಕಾಗೆಗೆ ಪಿಂಡ ಇಟ್ಟು ಬಂದ ಮೇಲೆ ಅತ್ತೆ ಹಿತ್ತಿಲಲ್ಲಿ ಸೀಬೆ ಮರದ ಕಡೆ ನೋಡುತ್ತಾ ನಿಂತಿದ್ದರು. ಕಾಗೆ ಬೇಗ ಬಂತು. "ಹಸಿದಿದ್ರು," ಎಂದರು.

ಮಾತಿಗೆ ತಪ್ಪದೆ ಲೇಸರಿಗೂ ಬಂದರು. ಬೆಳಿಗ್ಗೆ ಶಿವಮೊಗ್ಗಕ್ಕೆ ಹೋಗಿ, ಸಂಜೆ ನಡೆದುಕೊಂಡೇ ಬಸ್ ಹತ್ತಿ ವಾಪಸಾದರು. "ಇಷ್ಟೇನಾ?" ಎಂದು ಡಾಕ್ಟರಿಗೆ ಬೇರೆ ಕೇಳಿದರಂತೆ. ಆಮೇಲೂ ಸ್ಟಾಕಿಂಗ್ ಬಿಡಬಾರದೆಂದು ಡಾಕ್ಟರು ಹೇಳಿದ್ದರಿಂದ ನಮ್ಮ ಬೆಳಗಿನ ಕೆಲಸ ನಿಲ್ಲಲಿಲ್ಲ. ನಿಂತಿದ್ದರೆ ನನಗೇ ಬೇಜಾರಾಗುತ್ತಿತ್ತು, ಈಗ ಹೇಳಿದರೆ ಏನಂತೆ.

ಶಾಲೆ ಮತ್ತೆ ಶುರುವಾದ ಜೂನ್ ತಿಂಗಳ ಒಂದು ಬೆಳಿಗ್ಗೆ. ಅತ್ತೆಯ ಎರಡೂ ಕಾಲಿಗೆ ಚೀಲ ಏರಿಸಿ ಮುಗಿಸಿ, ಸೀರೆ ಎತ್ತಿ ಸಿಕ್ಕಿಸಿಕೊಂಡವಳು ಹಾಗೇ ಗೋಡೆಗೆ ಒರಗಿದ್ದೆ. ಅತ್ತೆ ನನ್ನ ಕಾಲನ್ನೇ ನೋಡುತ್ತಿದ್ದರು. ಹರಡಿನ ಹಿಂದೆ ಎಳೆ ಎಳೆಯಾಗಿ ನೀಲಿ ಗೆರೆಗಳು ಮೂಡಿದ್ದು ನನಗೂ ಗೊತ್ತಿತ್ತು. ದಿನವೆಲ್ಲ ಹಲಗೆಯ ಮುಂದೆ ನಿಲ್ಲುವವಳು, ಇನ್ನೇನಾಗುತ್ತದೆ.

"ಕಾಲು ಚಾಚು," ಎಂದರು.

"ಯಾಕತ್ತೆ?"

"ಚಾಚು ಅಂದ್ರೆ ಚಾಚು ಮಾರಾಯ್ತಿ."

ಚಾಚಿದೆ. ಅವರು ಬಗ್ಗಿ ನನ್ನ ಪಾದದ ಮೇಲೆ ಎರಡು ಬೆರಳಿಟ್ಟರು. ನಾನು ಕಾಲು ಸೆಳೆದುಕೊಂಡೆ. "ಅಯ್ಯೋ, ನೀವು ನನ್ನ ಕಾಲು ಮುಟ್ಟೋದಾ ಅತ್ತೆ? ನನಗೆ ಪಾಪ ಬರುತ್ತೆ!"

"ಸುಮ್ನಿರು. ಮಾತಾಡಿದ್ರೆ ಸಿಗಲ್ಲ."

ಕಾಲನ್ನು ಮತ್ತೆ ಎಳೆದುಕೊಂಡು ಕಣ್ಣು ಮುಚ್ಚಿದರು. ಡಾಕ್ಟರ ಹಾಗೆ ಅತ್ತ ಇತ್ತ ಹುಡುಕಲಿಲ್ಲ. ಬೆರಳು ನೇರ ಹೋಗಿ ನಾಡಿಯ ಮೇಲೆಯೇ ಕೂತಿತು. ನನಗೂ ಅದು ಅವರ ಬೆರಳಿನ ಕೆಳಗೆ ಬಡಿಯುವುದು ತಿಳಿಯುತ್ತಿತ್ತು.

"ಎಲ್ಲಿ ಕಲಿತ್ರಿ ಅತ್ತೆ ಇದನ್ನ?"

"ಅವರಿಗೆ ಕಾಲು ಒತ್ತೋವಾಗ ನೋಡ್ತಿದ್ದೆ. ನಿದ್ದೆ ಬಂದ ಮೇಲೆ, ಗೊತ್ತಾಗಬಾರದು ಅಂತ. ಚೆನ್ನಾಗಿರೋ ಕಾಲಲ್ಲಿ ಎಲ್ಲಿದೆ ಅಂತ ನೋಡ್ಕೊಂಡು, ಕೆಟ್ಟ ಕಾಲಲ್ಲೂ ಅಲ್ಲೇ ಇಡ್ತಿದ್ದೆ. ಡಾಕ್ಟ್ರಿಗೆ ಸಿಗದೆ ಇದ್ರೇನು, ನನಗಾದ್ರೂ ಸಿಕ್ಕೀತು ಅಂತ." ಅತ್ತೆ ಕಣ್ಣು ತೆರೆಯಲಿಲ್ಲ. "ಆಪರೇಷನ್ನಿಗೆ ಕರ್ಕೊಂಡು ಹೋಗೋ ತನಕ ಹುಡುಕಿದೆ ಕಣೇ."

ಒಲೆಯ ಮೇಲೆ ಹಾಲು ಉಕ್ಕುವ ಸದ್ದಾಯಿತು. ಇಬ್ಬರೂ ಏಳಲಿಲ್ಲ.

"ನಿಂದು ಇದೆ," ಎಂದರು. "ಚೆನ್ನಾಗಿ ಹೊಡ್ಕೋತಾ ಇದೆ. ನಿನಗೂ ಒಂದು ಜೊತೆ ಚೀಲ ತರಿಸು, ನಾನು ಏರಿಸ್ತೀನಿ. ಏಳು ಈಗ, ಸ್ಕೂಲಿಗೆ ಹೊತ್ತಾಯ್ತು."

ಏಳು ಎಂದವರು ಬೆರಳು ಮಾತ್ರ ತೆಗೆಯಲಿಲ್ಲ. ನಾನೂ ಕಾಲು ತೆಗೆಯಲಿಲ್ಲ.